ಹಡಗು ಉರಿಯುವುದು ಅರ್ಧ ತಾಸು, ಹಬ್ಬ ಬೆಳಗಿನವರೆಗೆ

ಮಾನ್ಯ ಸಂಪಾದಕರೇ,

ಸ್ಕಾಟ್ಲೆಂಡಿನ ಚಳಿಗಾಲದ ಉತ್ಸವಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನವು ಶೆಟ್‌ಲ್ಯಾಂಡ್ ದ್ವೀಪಗಳ ‘ಅಪ್ ಹೆಲಿ ಆ’ ಎಂಬ ಬೆಂಕಿಹಬ್ಬವನ್ನು ‘ಸಾವಿರ ವರ್ಷದ ವೈಕಿಂಗ್ ಹಬ್ಬ’ ಎಂದು ಎರಡು ಸಾಲಿನಲ್ಲಿ ಮುಗಿಸಿದೆ. ಅಷ್ಟು ಹಳೆಯದಲ್ಲ ಅದು. ಹಿಂದೆ ಈ ಹಬ್ಬಕ್ಕೆ ಅಲ್ಲಿನ ಲರ್ವಿಕ್ ಪಟ್ಟಣದ ಹುಡುಗರು ಉರಿಯುವ ಟಾರು ಪೀಪಾಯಿಗಳನ್ನು ಬೀದಿಯಲ್ಲಿ ಎಳೆದಾಡುತ್ತಿದ್ದರು. 1870ರ ದಶಕದಲ್ಲಿ ಅದಕ್ಕೆ ತಡೆ ಬಿತ್ತು. ಪಂಜಿನ ಮೆರವಣಿಗೆ ಬಂದದ್ದು 1881ರಲ್ಲಿ, ವೈಕಿಂಗರ (ಹಿಂದಿನ ಕಾಲದ ಸ್ಕ್ಯಾಂಡಿನೇವಿಯಾದ ಕಡಲುಗಾರರು) ಮಾದರಿಯ ಹಡಗು ಸುಡುವುದು 1889ರಲ್ಲಿ. ವೈಕಿಂಗ್ ಥಳುಕು ಹತ್ತಿದ್ದು ವಿಕ್ಟೋರಿಯಾ ಕಾಲದವರ ಹುರುಪಿನಿಂದ.

ಅಬರ್ಡೀನ್, ಗ್ಲಾಸ್ಗೋಗಳಲ್ಲಿ ಓದುತ್ತಿರುವ ನಮ್ಮ ಹುಡುಗರು ಲೇಖನ ನಂಬಿ ಹೊರಟರೆ ಪೇಚಿಗೆ ಸಿಕ್ಕಾರು. ಲರ್ವಿಕ್‌ನಲ್ಲಿ ಹಬ್ಬ ಜನವರಿಯ ಕೊನೆಯ ಮಂಗಳವಾರ. 2027ರಲ್ಲಿ ಅದು 26ನೇ ತಾರೀಕು. ಮಳೆ, ಗಾಳಿ ಅಂತ ಮುಂದೂಡುವ ರೂಢಿಯೇ ಇಲ್ಲ. ಅಬರ್ಡೀನ್‌ನಿಂದ ರಾತ್ರಿಯ ಹಡಗಿಗೆ ಹನ್ನೆರಡು ಹದಿನಾಲ್ಕು ತಾಸು ಬೇಕು. ಸೋಮವಾರ ರಾತ್ರಿ ಹತ್ತಿದರೆ ಮಂಗಳವಾರ ಬೆಳಿಗ್ಗೆ ತಲುಪಬಹುದು, ನಿಜ. ಆದರೆ ಜನವರಿಯ ಸಮುದ್ರ ಕೆರಳಿದರೆ ಹಡಗು ಬಂದರು ಬಿಟ್ಟು ಕದಲುವುದಿಲ್ಲ. ಶನಿವಾರವೇ ಹೊರಡುವುದು ಲೇಸು. ಬುಧವಾರ ಊರಿಗೆ ರಜೆ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬ್ರೆಡ್ಡು, ಹಾಲು ಮೊದಲೇ ತಂದಿಟ್ಟುಕೊಳ್ಳಿ.

ಸಂಜೆ ಏಳೂವರೆ ಹೊತ್ತಿಗೆ ಬೀದಿದೀಪ ಆರುತ್ತವೆ, ಸಂಕೇತದ ರಾಕೆಟ್ ಹಾರುತ್ತದೆ, ಸಾವಿರದಷ್ಟು ಪಂಜುಗಳು ಹೊತ್ತಿಕೊಳ್ಳುತ್ತವೆ. ಪಂಜೆಂದರೆ ಗೂಟದ ತುದಿಗೆ ಸುತ್ತಿದ ಗೋಣಿಬಟ್ಟೆ, ಸೀಮೆಎಣ್ಣೆಯಲ್ಲಿ ನೆನೆಸಿದ್ದು. ಕಿಡಿ ಗಾಳಿಯ ಜೊತೆ ಹಾರುವುದರಿಂದ ನೈಲಾನ್ ಜಾಕೆಟ್ಟಿಗೆ ತೂತು ಖಚಿತ. ಹಳೆಯ ಉಣ್ಣೆ ಕೋಟು ಸಾಕು. ನಿಲ್ಲುವ ಮುಂಚೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ಗಾಳಿಗೆ ಬೆನ್ನು ಕೊಟ್ಟು, ಬೆಂಕಿ ಮುಂದಿರುವ ಹಾಗೆ ನಿಂತರೆ ಹೊಗೆ ಕಣ್ಣಿಗೆ ಬರುವುದಿಲ್ಲ. ಸುಡುವುದು ಅಕ್ಟೋಬರಿನಿಂದ ನಾಲ್ಕು ತಿಂಗಳು ಶೆಡ್ಡಿನಲ್ಲಿ ಕಟ್ಟಿದ ಹಡಗನ್ನು. ವೇಷಧಾರಿಗಳು (ಅಲ್ಲಿನ ಮಾತಲ್ಲಿ ಗೈಜರ್‌ಗಳು) ಅದನ್ನು ಸುತ್ತುವರಿದು, ಬ್ಯೂಗಲ್ ಕೂಗಿದ ಮೇಲೆ ಒಬ್ಬೊಬ್ಬರೇ ಪಂಜು ಎಸೆಯುತ್ತಾರೆ. ಹಡಗಿನ ಡ್ರ್ಯಾಗನ್ ತಲೆ ಕುಸಿಯುವ ಹೊತ್ತಿಗೆ ಎಲ್ಲರೂ ಹಾಡುತ್ತಿರುತ್ತಾರೆ. ಅಲ್ಲಿಗೆ ಪ್ರವಾಸಿಗರ ಪಾಲು ಮುಗಿಯಿತು.

ಲೇಖನ ಬಿಟ್ಟದ್ದು ಇದರ ಮುಂದಿನದನ್ನೇ. ನಲವತ್ತಕ್ಕೂ ಹೆಚ್ಚು ತಂಡಗಳು ರಾತ್ರಿಯಿಡೀ ಊರಿನ ಹಾಲ್‌ಗಳನ್ನು ಒಂದೊಂದಾಗಿ ಸುತ್ತುತ್ತವೆ. ಪ್ರತಿ ಹಾಲ್‌ನಲ್ಲೂ ಒಂದು ಪ್ರಹಸನ (ಊರಿನವರ ಕಾಲೆಳೆಯುವುದೇ ಹೆಚ್ಚು), ಆಮೇಲೆ ಪಿಟೀಲಿನ ಜೊತೆ ಕುಣಿತ, ಮತ್ತೆ ಮುಂದಿನ ಹಾಲ್‌ಗೆ. ಬೆಳಿಗ್ಗೆ ಎಂಟರವರೆಗೂ ಇದೇ. ಇಲ್ಲಿಗೆ ಆಹ್ವಾನ ಅಥವಾ ಟಿಕೆಟ್ ಇಲ್ಲದೆ ಪ್ರವೇಶವಿಲ್ಲ, ಹೊರಗಿನವರಿಗೆ ಸಿಗುವ ಟಿಕೆಟ್ಟುಗಳು ಬೆರಳೆಣಿಕೆಯವು. ಪ್ರಯಾಣ ಗೊತ್ತು ಮಾಡುವ ಮೊದಲೇ ಇದನ್ನು ವಿಚಾರಿಸಬೇಕು. ಇಲ್ಲವಾದರೆ ರಾತ್ರಿ ಒಂಬತ್ತಕ್ಕೆ ಕೋಣೆ ಸೇರಿ, ದೂರದ ಪಿಟೀಲು ಕೇಳುತ್ತ ಮಲಗುವುದೇ.

ಟಿಕೆಟ್ ಸಿಗದವರಿಗೆ ನನ್ನ ಸಲಹೆ ಹಳ್ಳಿಗಳದು. ಇದೇ ಹಬ್ಬ ಜನವರಿಯ ಎರಡನೇ ಶುಕ್ರವಾರ ಸ್ಕಾಲೋವೇಯಲ್ಲಿ ಶುರುವಾಗಿ ಮಾರ್ಚಿನಲ್ಲಿ ಡೆಲ್ಟಿಂಗ್‌ವರೆಗೆ ಊರೂರಿಗೆ ಹಬ್ಬುತ್ತದೆ. ಕೆಲವೆಡೆ ಹಡಗನ್ನು ನೀರಿಗಿಳಿಸಿ ಸುಡುತ್ತಾರೆ. ನೋಡಲು ಲರ್ವಿಕ್‌ಗಿಂತ ಅದೇ ಚೆಂದ ಎಂಬುದು ನನ್ನ ಅಭಿಪ್ರಾಯ. ಹಳ್ಳಿಗಳ ತಂಡಗಳಲ್ಲಿ ಹೆಂಗಸರು ಎಷ್ಟೋ ವರ್ಷಗಳಿಂದ ವೇಷ ಹಾಕುತ್ತ ಬಂದಿದ್ದಾರೆ. ಲರ್ವಿಕ್‌ನಲ್ಲಿ ಆ ಬಾಗಿಲು ತೆರೆದದ್ದು 2023ರಲ್ಲಿ.

– ಓರ್ವ ಓದುಗ, ಅಬರ್ಡೀನ್