ಮಿಲೇ ಅವರೇ, ಪಿಂಚಣಿದಾರರ ಆ 70,000 ಪೆಸೊ ಬೋನಸ್ ಬಗ್ಗೆ ಒಂದು ಮಾತು

ಅರ್ಜೆಂಟೀನಾದ ಅಧ್ಯಕ್ಷರಾದ ಹಾವಿಯೆರ್ ಮಿಲೇ ಅವರಿಗೆ ನಮಸ್ಕಾರ.

ನಾನು ನಿಮ್ಮ ಮತದಾರನಲ್ಲ, ಬೆಂಗಳೂರಿನವನು. ಆದರೂ ಬರೆಯುತ್ತಿದ್ದೇನೆ. ಸರ್ಕಾರದ ಖರ್ಚಿನ ಮಾತು ಬಂದಾಗ ಖರ್ಚು ಕಡಿತದ ಗುರುತಾಗಿ ನೀವು ಎತ್ತಿ ಹಿಡಿದ ಗರಗಸವನ್ನು ಹೊಗಳುವವರು ನಮ್ಮಲ್ಲೂ ಇದ್ದಾರೆ. ಅದು ಎಲ್ಲೆಲ್ಲಿ ಕತ್ತರಿಸುತ್ತದೆ ಅಂತ ನೋಡೋಣ ಅನ್ನಿಸಿತು.

2025ರ ಆಗಸ್ಟ್‌ನಲ್ಲಿ ನೀವು ಸಂಸತ್ತು ಪಾಸು ಮಾಡಿದ್ದ ಪಿಂಚಣಿ ಏರಿಕೆ ಮಸೂದೆಗೆ ವೀಟೊ ಹಾಕಿ ತಡೆದಿರಿ. ಜೊತೆಗೆ ಅಂಗವಿಕಲರ ನೆರವಿನ ಮಸೂದೆಗೂ. ಕಾರಣವನ್ನು ಟಿವಿಯಲ್ಲಿ ನೀವೇ ವಿವರಿಸಿದಿರಿ. ದುಡ್ಡಿಲ್ಲ. ದುಡ್ಡು ಎಲ್ಲಿಂದ ತರಬೇಕು ಅಂತ ಮಸೂದೆ ಹೇಳುವುದಿಲ್ಲ. ನೋಟು ಅಚ್ಚು ಹಾಕಿದರೆ ಬೆಲೆ ಏರುತ್ತದೆ, ಸಾಲ ಮಾಡಿದರೆ ಈಗಿನ ಮಕ್ಕಳು ತೀರಿಸಬೇಕು.

ಈ ಮಾತನ್ನು ಸುಮ್ನೆ ತಳ್ಳಿಹಾಕಲು ಆಗಲ್ಲ. 2023ರಲ್ಲಿ ನಿಮ್ಮ ದೇಶದ ಹಣದುಬ್ಬರ 211.4% ಇತ್ತು. ಅಂಥ ಬೆಲೆಯೇರಿಕೆಯಲ್ಲಿ ಮೊದಲು ಸಾಯುವುದು ಪಿಂಚಣಿದಾರರೇ. ಅದನ್ನು ಇಳಿಸಿದ ಶ್ರೇಯಸ್ಸು ನಿಮಗೆ ಸಲ್ಲಬೇಕು. ಪಿಂಚಣಿ ಮಸೂದೆಗೆ ವೀಟೊ ಹಾಕಿದವರಲ್ಲಿ ನೀವು ಮೊದಲಿಗರೂ ಅಲ್ಲ. 2010ರಲ್ಲಿ ಆಗ ಅಧ್ಯಕ್ಷೆಯಾಗಿದ್ದ ನಿಮ್ಮ ಕಡು ವಿರೋಧಿ ಕ್ರಿಸ್ಟಿನಾ ಫರ್ನಾಂಡಿಸ್ ಕೂಡ ಕನಿಷ್ಠ ಪಿಂಚಣಿಯನ್ನು ಕನಿಷ್ಠ ಸಂಬಳದ 82%ಗೆ ಏರಿಸುವ ಮಸೂದೆಯನ್ನು ಇದೇ ಥರ ವಾಪಸ್ ಕಳಿಸಿದ್ದರು, ದೇಶ ದಿವಾಳಿಯಾಗುತ್ತದೆ ಅಂತಲೇ.

ಆದರೆ ಈ ಸಲ ಕೇಳಿದ್ದು ಎಷ್ಟು? 7.2% ಏರಿಕೆ. ಈ ಅಂಕಿ ಯಾರೋ ಬಾಯಿಗೆ ಬಂದಂತೆ ಹೇಳಿದ್ದಲ್ಲ. 2024ರ ಜನವರಿ ಒಂದೇ ತಿಂಗಳಲ್ಲಿ ನಿಮ್ಮಲ್ಲಿ ಬೆಲೆಗಳು 20.6% ಏರಿದವು. ಪಿಂಚಣಿಯ ಲೆಕ್ಕ ಬದಲಿಸಿದಾಗ ಅದಕ್ಕೆ ನೀವು ಕೊಟ್ಟದ್ದು 12.5%. 112.5 ಆದದ್ದನ್ನು 120.6ಕ್ಕೆ ಮುಟ್ಟಿಸಲು ಬೇಕಾದ ಆ 7.2% ಅಂತರವನ್ನು ತುಂಬಿ ಅನ್ನುವುದೇ ಬೇಡಿಕೆ. ನಮ್ಮ ಸರ್ಕಾರಿ ನೌಕರರ ಭಾಷೆಯಲ್ಲಿ ಹೇಳುವುದಾದರೆ ಇದು ಡಿಎ ಕಂತು ತಪ್ಪಿದ ಹಾಗೆ. ಹಿಂದಿನ ಅರಿಯರ್ಸ್ ಕೂಡ ಕೇಳಿಲ್ಲ, ಇನ್ನು ಮುಂದಾದರೂ ಸರಿಯಾಗಿ ಕೊಡಿ ಅಂದರು, ಅಷ್ಟೇ.

ಇನ್ನು ಆ ಬೋನಸ್ ವಿಷಯ. ಕನಿಷ್ಠ ಪಿಂಚಣಿ ಪಡೆಯುವವರಿಗೆ ತಿಂಗಳಿಗೆ 70,000 ಪೆಸೊ ಬೋನಸ್ ಸೇರಿಸಿ ಕೊಡುತ್ತೀರಿ. ಮೂಲ ಪಿಂಚಣಿ ಬೆಲೆಯ ಜೊತೆ ಪ್ರತಿ ತಿಂಗಳೂ ಏರುತ್ತದೆ, ಒಪ್ಪಿದೆ. ಬೋನಸ್ ಮಾತ್ರ 2024ರ ಮಾರ್ಚ್‌ನಿಂದ ಕದಲಿಲ್ಲ. ನೀವು ವೀಟೊಗೆ ಸಹಿ ಹಾಕುವ ಹೊತ್ತಿಗೆ ಬೆಲೆಗಳು ಒಂದೂವರೆ ಪಟ್ಟು ದಾಟಿದ್ದವು. ಸಂಸತ್ತು ಅದನ್ನು 1,10,000 ಮಾಡಿ ಅಂದಿತು. ಬೆಲೆಯೇರಿಕೆಯ ಲೆಕ್ಕ ಹಿಡಿದರೆ ಅದೂ ಕಡಿಮೆಯೇ. ಅಂದರೆ ದೇಶದ ಅತಿ ಚಿಕ್ಕ ಪಿಂಚಣಿಯನ್ನು ನೀವು ತಿಂಗಳು ತಿಂಗಳೂ ಕತ್ತರಿಸುತ್ತಿದ್ದೀರಿ. ಇದಕ್ಕೆ ಮಸೂದೆ ಬೇಕಿಲ್ಲ, ಮತ ಬೇಕಿಲ್ಲ, ಭಾಷಣವೂ ಬೇಕಿಲ್ಲ. ಬೆಲೆಯೇರಿಕೆ ಬಡವರ ಮೇಲೆ ಹಾಕುವ ತೆರಿಗೆ ಅಂತ ಊರೆಲ್ಲ ಹೇಳಿಕೊಂಡು ಬಂದ ಅರ್ಥಶಾಸ್ತ್ರಜ್ಞರು ನೀವೇ ಅಲ್ವಾ?

ದುಡ್ಡೇ ಇಲ್ಲ ಅನ್ನುವುದನ್ನು ನಂಬಬಹುದಿತ್ತು. ಆದರೆ ವೀಟೊಗೆ ಕೆಲವೇ ದಿನ ಮೊದಲು, ಜುಲೈ 26ರಂದು, ಬ್ಯೂನಸ್ ಐರಿಸ್‌ನ ಪಲೇರ್ಮೊ ಕೃಷಿ ಮೇಳದಲ್ಲಿ ನಿಂತು ಸೋಯಾ ರಫ್ತು ಸುಂಕವನ್ನು 33ರಿಂದ 26%ಗೆ ಕಾಯಂ ಇಳಿಸಿದಿರಿ. ದನದ ಮಾಂಸದ ಸುಂಕವನ್ನೂ ಇಳಿಸಿದಿರಿ. ರೈತರಿಗೆ ಅದು ನ್ಯಾಯವೇ ಇರಬಹುದು, ಆ ವಾದ ಬೇರೆ. ಖೋತಾ ಆದ ಆ ವರಮಾನವನ್ನು ಎಲ್ಲಿಂದ ತುಂಬುತ್ತೀರಿ ಅನ್ನುವ ಪ್ರಶ್ನೆ ಮಾತ್ರ ಅವತ್ತು ನಿಮ್ಮನ್ನು ಕಾಡಲಿಲ್ಲ.

2024ರಲ್ಲೂ ಹೀಗೇ ಆಯಿತು. 8.1% ಏರಿಕೆಗೆ ವೀಟೊ ಬಿತ್ತು. ಅದನ್ನು ಉರುಳಿಸಲು ಮೂರನೇ ಎರಡರಷ್ಟು ಮತ ಬೇಕು. ಕೆಳಮನೆಯಲ್ಲಿ 153 ಜನ ವೀಟೊ ವಿರುದ್ಧ ನಿಂತರೂ ನಿಮ್ಮ ಪರ 87 ಮತ ಬಿದ್ದು ಅದು ಉಳಿಯಿತು. ಆ 87 ಮಂದಿಯನ್ನು ವೀರರು ಅಂತ ಕರೆದು ಅಧ್ಯಕ್ಷರ ಒಲಿವೋಸ್ ನಿವಾಸದಲ್ಲಿ ಅಸಾದೊ, ಅಂದರೆ ಸುಟ್ಟ ಮಾಂಸದ ಊಟ ಹಾಕಿಸಿದಿರಿ. ಊಟದ ಖರ್ಚನ್ನು ಅವರೇ ಹಾಕಿಕೊಂಡರಂತೆ, ಖಜಾನೆಗೆ ಹೊರೆಯಾಗಲಿಲ್ಲ. ಇರಲಿ. ಅದೇ ದಿನಗಳಲ್ಲಿ ಸಂಸತ್ತಿನ ಮುಂದೆ ಬುಧವಾರ ಬುಧವಾರ ಸೇರುತ್ತಿದ್ದ ಅಜ್ಜ ಅಜ್ಜಿಯರಿಗೆ ಪೊಲೀಸರ ಪೆಪ್ಪರ್ ಸ್ಪ್ರೇ. ಕಹಿ ನಿರ್ಧಾರ ತೆಗೆದುಕೊಂಡವರು ಕೊನೇಪಕ್ಷ ಸಂಭ್ರಮ ಪಡಬಾರದಿತ್ತು.

2025ರ ಅಂಗವಿಕಲರ ಮಸೂದೆಯಲ್ಲಿ ಸಂಸತ್ತಿನ ಎರಡೂ ಮನೆಗಳು ನಿಮ್ಮ ವೀಟೊವನ್ನು ಉರುಳಿಸಿದವು. ನೀವು ಕಾನೂನನ್ನು ಪ್ರಕಟಿಸಿ, ದುಡ್ಡಿನ ಮೂಲ ಗೊತ್ತಾಗುವವರೆಗೆ ಜಾರಿ ಇಲ್ಲ ಅಂದಿರಿ. ಹಾಗಾದರೆ ಆ ಮತಕ್ಕೆ ಬೆಲೆ ಏನು?

ನಾನು ಕೇಳುವುದು ಚಿಕ್ಕದು. ಬೋನಸ್ ಕೊಡುವುದು ನಿಮ್ಮದೇ ಸರ್ಕಾರದ ಆದೇಶದಿಂದ, ತಿಂಗಳಿಗೊಂದು ಹೊಸ ಆದೇಶ. ಹೇಗೂ ಸಹಿ ಹಾಕುತ್ತೀರಿ. ಮುಂದಿನದರಲ್ಲಿ ಆ ಅಂಕಿಯನ್ನು ಬೆಲೆಯ ಜೊತೆ ಏರುವಂತೆ ಮಾಡಿ. ಅಷ್ಟಕ್ಕೂ ದುಡ್ಡಿಲ್ಲ ಅಂದರೆ, ಸೋಯಾ ಸುಂಕ ಇಳಿಸಿದಾಗ ಬಿಟ್ಟುಕೊಟ್ಟದ್ದೆಷ್ಟು, ಈ ಬೋನಸ್‌ನಲ್ಲಿ ಉಳಿಸಿದ್ದೆಷ್ಟು ಅನ್ನುವ ಎರಡು ಲೆಕ್ಕವನ್ನೂ ಅದೇ ಟಿವಿಯಲ್ಲಿ ಜನರ ಮುಂದಿಡಿ.

ವಂದನೆಗಳೊಂದಿಗೆ,
ಬೆಂಗಳೂರಿನ ಒಬ್ಬ ಓದುಗ