ಅಳುವ ದನಿಗೆ ಒಂದು ಹೆಸರಿದೆ

ಮಾನ್ಯ ಸಂಪಾದಕರೇ,

ತುಮಕೂರಿನ ನಮ್ಮ ಬೀದಿ ಹುಡುಗರಿಗೆ ಈಗ ದೆವ್ವದ ರೀಲ್ಸ್ ಹುಚ್ಚು. ಹೋದ ತಿಂಗಳು ನನ್ನ ಅಕ್ಕನ ಮಗ, ಅವನ ಇಬ್ಬರು ಗೆಳೆಯರು ಬೆಂಗಳೂರಿನ ಹಳೇ ಸೆಂಟ್ರಲ್ ಜೈಲಿಗೆ, ಅಂದರೆ ಈಗಿನ ಫ್ರೀಡಂ ಪಾರ್ಕಿಗೆ, ವಿಡಿಯೊ ಮಾಡಲು ಹೊರಟರು. ಅಲ್ಲಿ ಹೆಂಗಸೊಬ್ಬಳು ಅಳುವುದು ಕೇಳಿಸುತ್ತದೆ ಅಂತ ಯಾರೋ ಹೇಳಿದ್ದರಂತೆ. ದೊಡ್ಡವರು ಒಬ್ಬರಿರಲಿ ಅಂತ ಅಕ್ಕ ನನ್ನನ್ನೂ ರೈಲು ಹತ್ತಿಸಿದಳು.

ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋಗಿ ಎಷ್ಟೋ ವರ್ಷವಾಯಿತು. 2008ರಲ್ಲಿ ಅದು ಪಾರ್ಕ್ ಆಯಿತು. ಕಾವಲು ಗೋಪುರ ಮಾತ್ರ ಹಾಗೇ ನಿಂತಿದೆ. ಹುಡುಗರು ಒಂದು ಬ್ಯಾರಕ್ಕಿನ ಮೂಲೆಯಲ್ಲಿ ಮೊಬೈಲ್ ಇಟ್ಟು ಉಸಿರು ಬಿಗಿಹಿಡಿದು ಕೂತರು. ಆಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದರೆ, ನಿಜಕ್ಕೂ ಹೆಣ್ಣು ದನಿ! ಒಬ್ಬನ ಮೊಣಕೈವರೆಗೂ ರೋಮ ಎದ್ದಿತ್ತು, ಪಾಪ, ಅವನಿಗೆ ಮೊದಲೇ ಉಬ್ಬಸ, ಜೇಬಿನಿಂದ ಇನ್‌ಹೇಲರ್ ತೆಗೆದೇಬಿಟ್ಟ. ಸೌಂಡ್ ಜಾಸ್ತಿ ಮಾಡಿದರೆ 'ಬೇಕೇ ಬೇಕು, ನ್ಯಾಯ ಬೇಕು'. ಆಚೆ ಧರಣಿ ನಡೆಯುತ್ತಿತ್ತು, ಅಷ್ಟೇ.

ಎಲ್ಲರೂ ನಕ್ಕೆವು. ಆದರೆ ಆ ಜೈಲಿನಲ್ಲಿ ರಾತ್ರಿ ಹೆಂಗಸೊಬ್ಬರು ಕೂಗಿಕೊಂಡಿದ್ದು ಸುಳ್ಳಲ್ಲ. ಅವರು ಸ್ನೇಹಲತಾ ರೆಡ್ಡಿ. 'ಸಂಸ್ಕಾರ' ಚಿತ್ರದ ಚಂದ್ರಿ ಅಂದರೆ ಹಳಬರಿಗೆ ಗೊತ್ತಾಗುತ್ತದೆ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದು ಎಂಟು ತಿಂಗಳು ಅಲ್ಲಿಟ್ಟರು. ಅವರಿಗೂ ಉಬ್ಬಸವಿತ್ತು, ಸರಿಯಾದ ಚಿಕಿತ್ಸೆ ಸಿಗಲಿಲ್ಲ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ತಮ್ಮ ಕೋಣೆಗೆ ಕೇಳಿಸುತ್ತಿತ್ತು ಅಂತ ಅದೇ ಜೈಲಿನಲ್ಲಿದ್ದ ಮಧು ದಂಡವತೆ ಬರೆದಿದ್ದಾರೆ. (ಮುಂದೆ ರೈಲ್ವೆ ಮಂತ್ರಿಯಾಗಿ ಸೆಕೆಂಡ್ ಕ್ಲಾಸಿನ ಮರದ ಹಲಗೆಗೆ ಮೆತ್ತೆ ಹಾಕಿಸಿದವರು ಇವರೇ.) ವಾಜಪೇಯಿ, ಅಡ್ವಾಣಿ ಅಲ್ಲಿದ್ದದ್ದು ಎಲ್ಲರಿಗೂ ಗೊತ್ತು, ಈಕೆ ಮಾತ್ರ ಯಾರ ಬಾಯಲ್ಲೂ ಇಲ್ಲ. 1977ರ ಜನವರಿ 15ರಂದು ಪರೋಲ್ ಮೇಲೆ ಬಿಟ್ಟರು. 20ರಂದು ತೀರಿಕೊಂಡರು.

ವಾಪಸ್ ಬರುವಾಗ ರೈಲಿನಲ್ಲಿ ಇದನ್ನೆಲ್ಲ ಹೇಳಿದೆ. ಉಬ್ಬಸದ ಹುಡುಗ ತುಂಬ ಹೊತ್ತು ಸುಮ್ನೆ ಕೂತಿದ್ದ. ಕ್ಯಾತಸಂದ್ರ ದಾಟುವಾಗ, 'ಅಂಕಲ್, ಅವರಿಗೆ ಇನ್‌ಹೇಲರೂ ಕೊಡ್ತಿರಲಿಲ್ವಾ?' ಅಂದ.

ದೆವ್ವ ಇದೆಯೋ ಇಲ್ಲವೋ ಅನ್ನುವ ಜಗಳ ನನಗೆ ಬೇಡ. ನಿಜವಾಗಿ ನರಳಿದ ಹೆಂಗಸನ್ನು ಮೋಹಿನಿ ಮಾಡಿ ಲೈಕ್ ಗಿಟ್ಟಿಸುವುದು ಹೊಟ್ಟೆ ಉರಿಸುತ್ತದೆ, ಅಷ್ಟೇ. ನಮ್ಮ ಜಿಲ್ಲೆಯ ಶಾಲೆಗಳು ವರ್ಷವರ್ಷ ಮಕ್ಕಳನ್ನು ವಿಧಾನಸೌಧ, ಲಾಲ್‌ಬಾಗ್ ತೋರಿಸಲು ಕರೆದುಕೊಂಡು ಹೋಗುತ್ತವಲ್ಲ, ಇಲ್ಲೂ ಅರ್ಧ ಗಂಟೆ ಬಸ್ ನಿಲ್ಲಿಸಲಿ. ಮೇಷ್ಟ್ರುಗಳು ಈಕೆಯ ಹೆಸರು ಹೇಳಲಿ.

ಅಕ್ಕನ ಮಗ ವಿಡಿಯೊ ಇನ್ನೂ ಹಾಕಿಲ್ಲ. ಟೈಟಲ್ ಏನಿಡಲಿ ಮಾವ ಅಂತ ದಿನಾ ಕೇಳುತ್ತಾನೆ.

– ಒಬ್ಬ ಓದುಗ, ಶಿರಾ ಗೇಟ್, ತುಮಕೂರು