ಕೈಗೆ ಸಿಗದ ಕೊಸರು

ಮಾನ್ಯ ಸಂಪಾದಕರೇ,

ದಾವಣಗೆರೆಯ ಸೂಪರ್ ಮಾರ್ಕೆಟ್‌ಗಳಲ್ಲಿ ಸಾಮಾನು ಆರಿಸಿಕೊಂಡು ಬಿಲ್ ಕೌಂಟರಿಗೆ ಬಂದವರಿಗೆ ಈಗ ಎದುರಾಗುವ ಮೊದಲ ಪ್ರಶ್ನೆ ‘ಕಾರ್ಡ್ ಇದೆಯೇ?’ ಎಂಬುದು. ಇಲ್ಲವೆಂದರೆ ಅಲ್ಲಿಯೇ ಮೊಬೈಲ್ ಸಂಖ್ಯೆ ಪಡೆದು ಕಾರ್ಡ್ ಮಾಡಿಕೊಡುತ್ತಾರೆ. ಕೊಂಡಷ್ಟೂ ಪಾಯಿಂಟ್ ಸೇರುತ್ತದೆ, ಸೇರಿದಷ್ಟೂ ನಿಮಗೇ ಲಾಭ ಎನ್ನುತ್ತಾರೆ. ಎರಡು ವರ್ಷದ ಹಿಂದೆ ನಾನೂ ಈ ಮಾತನ್ನು ನಂಬಿ ನಮ್ಮ ಮನೆಯ ಸಮೀಪದ ಮಳಿಗೆಯೊಂದರ ಕಾರ್ಡ್ ಮಾಡಿಸಿದೆ. ಅಂದಿನಿಂದ ತೆಗೆದಿಟ್ಟ ಬಿಲ್ಲುಗಳನ್ನು ಕಳೆದ ವಾರ ಮುಂದಿಟ್ಟುಕೊಂಡು ಲೆಕ್ಕ ಹಾಕಿದಾಗ ಕಂಡದ್ದನ್ನು ಇತರ ಗ್ರಾಹಕರ ಗಮನಕ್ಕೆ ತರಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಆ ಮಳಿಗೆಯಲ್ಲಿ 100 ರೂಪಾಯಿಯ ಖರೀದಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ 50 ಪೈಸೆ. ಅಂದರೆ ನೂರು ರೂಪಾಯಿಗೆ ಮರಳಿ ಬರುವುದು ಅರ್ಧ ರೂಪಾಯಿ. ಇಷ್ಟೇ ಆಗಿದ್ದರೆ ದೂರುವುದಕ್ಕೆ ಕಾರಣವಿರಲಿಲ್ಲ. ಸ್ವಲ್ಪವಾದರೂ ಬಂದದ್ದು ಬಂದಂತೆ. ಆದರೆ 500 ಪಾಯಿಂಟ್ ತುಂಬುವವರೆಗೆ ಅವನ್ನು ಬಳಸುವಂತಿಲ್ಲ, ಮತ್ತು ಪ್ರತಿಯೊಂದು ಪಾಯಿಂಟೂ ಖಾತೆಗೆ ಸೇರಿದ 12 ತಿಂಗಳಿಗೆ ರದ್ದಾಗುತ್ತದೆ. ಈ ಎರಡು ಷರತ್ತುಗಳನ್ನು ಬೇರೆ ಬೇರೆಯಾಗಿ ಓದಿದರೆ ಅಂಥ ದೋಷವೇನೂ ಕಾಣುವುದಿಲ್ಲ. ಒಟ್ಟಿಗೆ ಇಟ್ಟು ನೋಡಬೇಕು. ನಮ್ಮದು ನಾಲ್ಕು ಜನರ ಸಂಸಾರ. ತಿಂಗಳಿಗೆ ಹೆಚ್ಚುಕಡಿಮೆ 4,000 ರೂಪಾಯಿಯ ದಿನಸಿ ಅಲ್ಲಿಂದ ತರುತ್ತೇವೆ. ತಿಂಗಳಿಗೆ 40ರಂತೆ ವರ್ಷ ತುಂಬಿದಾಗ ಖಾತೆಯಲ್ಲಿ 480 ಪಾಯಿಂಟ್ ಇದ್ದವು. ಮುಂದಿನ ತಿಂಗಳು 500 ದಾಟುತ್ತದೆಂದು ಕಾದಿದ್ದರೆ, ಹದಿಮೂರನೆಯ ತಿಂಗಳ 40 ಸೇರುವ ಹೊತ್ತಿಗೆ ಮೊದಲನೆಯ ತಿಂಗಳ 40 ರದ್ದಾಗಿದ್ದವು. ಆಮೇಲೆ ಪ್ರತಿ ತಿಂಗಳೂ ಇದೇ ಕಥೆ: ಎಷ್ಟು ಸೇರುತ್ತದೋ ಅಷ್ಟೇ ಹೋಗುತ್ತದೆ. ಸುಮಾರು ಒಂದು ಲಕ್ಷ ರೂಪಾಯಿಯ ವ್ಯಾಪಾರ ಮಾಡಿದ ಮೇಲೂ ನಮಗೆ ಒಂದು ರೂಪಾಯಿಯ ರಿಯಾಯಿತಿ ದೊರೆತಿಲ್ಲ, ಹೀಗೆಯೇ ಮುಂದುವರಿದರೆ ಎಂದಿಗೂ ದೊರೆಯುವುದಿಲ್ಲ. ಮಳಿಗೆಯಲ್ಲಿ ವಿಚಾರಿಸಿದಾಗ, ವರ್ಷದಲ್ಲಿ ಇನ್ನೊಂದು ಎರಡು ಸಾವಿರದ ಸಾಮಾನು ಹೆಚ್ಚಿಗೆ ಕೊಳ್ಳಿ, 500 ಆಗುತ್ತದೆ ಎಂದರು. ಬೇಡದ ಎರಡು ಸಾವಿರದ ಸಾಮಾನು ಕೊಂಡರೆ ಸಿಗುವುದು 250 ರೂಪಾಯಿ!

ನಮ್ಮ ಊರಿಗೆ ಗಿರಾಕಿಯನ್ನು ಉಳಿಸಿಕೊಳ್ಳುವ ಕಲೆ ಹೊಸದಲ್ಲ. ತೂಕ ಸಮನಾದ ಮೇಲೆ ಇನ್ನೊಂದು ಹಿಡಿ ಕಾಳು ಸುರಿಯುವ ಕಿರಾಣಿ ಅಂಗಡಿಯವರು, ತರಕಾರಿಯ ಜೊತೆಗೆ ಕರಿಬೇವಿನ ಎರಡು ಎಸಳು ಹಾಕುವ ಸಂತೆಯ ಹೆಂಗಸರು ಕೊಡುವುದನ್ನು ನಾವು ಕೊಸರು ಎನ್ನುತ್ತೇವೆ. ಆ ಕೊಸರು ಕಣ್ಣೆದುರಿಗೆ ಚೀಲಕ್ಕೆ ಬೀಳುತ್ತದೆ. ಅದಕ್ಕೆ ಅವಧಿಯಿಲ್ಲ, ಕನಿಷ್ಠ ಮಿತಿಯಿಲ್ಲ, ಅದನ್ನು ಪಡೆಯಲು ಹೆಸರು ಹೇಳಬೇಕಾಗಿಯೂ ಇಲ್ಲ. ಕಾರ್ಡಿನ ಕೊಸರು ಮಾತ್ರ ಮಳಿಗೆಯ ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ.

ಕಾರ್ಡ್ ಇದ್ದವರಿಗೆ ಕಡಿಮೆ ದರ ಎಂಬ ಫಲಕಗಳನ್ನೂ ಪರೀಕ್ಷಿಸಿ ನೋಡಬೇಕು. ಕಳೆದ ತಿಂಗಳು ಒಂದು ಕಿಲೋ ತೊಗರಿಬೇಳೆಯ ಪೊಟ್ಟಣಕ್ಕೆ ಎಂ.ಆರ್.ಪಿ. 210 ರೂಪಾಯಿ, ಕಾರ್ಡಿಗೆ 175 ಎಂದಿತ್ತು. ಅದೇ ಕಂಪನಿಯ ಅದೇ ಪೊಟ್ಟಣ ಅದೇ ವಾರ ಮಂಡಿಪೇಟೆಯ ಅಂಗಡಿಯಲ್ಲಿ ಕೇಳುವ ಮೊದಲೇ 168ಕ್ಕೆ ಸಿಕ್ಕಿತು. ಎಂ.ಆರ್.ಪಿ. ಎಂಬುದು ಅದಕ್ಕಿಂತ ಹೆಚ್ಚು ಪಡೆಯಬಾರದೆಂಬ ಮಿತಿಯೇ ಹೊರತು ಪೇಟೆಯಲ್ಲಿ ನಡೆಯುವ ದರವಲ್ಲ. ಅದಕ್ಕೆ ಹೋಲಿಸಿ ತೋರಿಸುವ ಉಳಿತಾಯ ಅಷ್ಟರಮಟ್ಟಿಗೆ ದಾರಿತಪ್ಪಿಸುವಂಥದ್ದು. ಎಲ್ಲ ಕಾರ್ಡುಗಳೂ ಮೋಸವೆಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು ಅಲ್ಲಿನ ಸೂಪರ್ ಮಾರ್ಕೆಟ್‌ಗಳ ಸುಮಾರು 50,000 ಕಾರ್ಡ್ ದರಗಳನ್ನು ಪರಿಶೀಲಿಸಿ, ಶೇ. 92ರಷ್ಟು ಸಂದರ್ಭಗಳಲ್ಲಿ ಆ ಮಳಿಗೆಯ ಸಾಮಾನ್ಯ ದರಕ್ಕಿಂತ ನಿಜವಾದ ಉಳಿತಾಯವಿದೆ ಎಂದು 2024ರ ನವೆಂಬರಿನಲ್ಲಿ ವರದಿ ನೀಡಿತು. ಅಲ್ಲಿನ ಗ್ರಾಹಕರಿಗೆ ಹೀಗೆ ಧೈರ್ಯ ಹೇಳಲು ಸಾಧ್ಯವಾದದ್ದು ಯಾರೋ ಕುಳಿತು ಲೆಕ್ಕ ನೋಡಿದ್ದರಿಂದ. ಇಲ್ಲಿ ಆ ಲೆಕ್ಕವನ್ನು ಯಾರು ನೋಡುತ್ತಾರೆ?

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಮೊಬೈಲ್ ಸಂಖ್ಯೆಯ ವಿಷಯ. ಒಮ್ಮೆ ನಮ್ಮ ಅತ್ತೆಯವರು ಒಬ್ಬರೇ ಹೋಗಿದ್ದಾಗ, ನಂಬರ್ ಹಾಕದೆ ಬಿಲ್ ಆಗುವುದಿಲ್ಲ ಎಂದು ಅವರನ್ನು ನಿಲ್ಲಿಸಿಕೊಂಡಿದ್ದರು. ಹಿಂದೆ ಸಾಲು ಬೆಳೆಯುತ್ತಿದ್ದುದರಿಂದ ಸಂಕೋಚಪಟ್ಟು ಅವರು ಮನೆಯ ಸಂಖ್ಯೆಯನ್ನು ಹೇಳಿ ಬಂದರು. ಕೌಂಟರಿನಲ್ಲಿದ್ದ ಹುಡುಗಿಯನ್ನು ನಾನು ದೂಷಿಸುವುದಿಲ್ಲ. ಮೇಲಿನವರು ಹೇಳಿದಂತೆ ಅವಳು ಕೇಳಿರುತ್ತಾಳೆ. ಆದರೆ ಖರೀದಿಗೆ ಮೊಬೈಲ್ ಸಂಖ್ಯೆಯನ್ನು ಕಡ್ಡಾಯ ಮಾಡುವಂತಿಲ್ಲ, ಹಾಗೆ ಒತ್ತಾಯಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿಯೇ ಚಿಲ್ಲರೆ ಮಾರಾಟಗಾರರಿಗೆ ಸೂಚಿಸಿದೆ. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಎಂಬುದು ಒತ್ತಡವಿಲ್ಲದೆ, ವಿಷಯ ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಎರಡು ವರ್ಷದ ದಿನಸಿಯ ಪಟ್ಟಿ ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಮಗುವಿದೆಯೇ, ಯಾರಿಗೆ ಸಕ್ಕರೆ ಕಾಯಿಲೆಯಿದೆ, ಯಾವ ತಿಂಗಳು ಕೈ ಬಿಗಿಯಾಗಿತ್ತು ಎಂಬುದೆಲ್ಲವನ್ನೂ ಅದನ್ನು ಓದಿದವರು ಹೇಳಬಲ್ಲರು. ಒಂದು ಪಾಯಿಂಟಿಗೆ 50 ಪೈಸೆಯೆಂದು ಬೆಲೆ ಕಟ್ಟಿದವರು ಈ ಪಟ್ಟಿಗೆ ಎಷ್ಟು ಬೆಲೆ ಕಟ್ಟಿದ್ದಾರೆಂದು ನಮಗೆ ತಿಳಿಸಿಲ್ಲ.

ಪ್ರತಿ ಬಿಲ್ಲಿನ ಮೇಲೂ ಪಾಯಿಂಟುಗಳ ಬೆಲೆಯನ್ನು ರೂಪಾಯಿಯಲ್ಲಿ, ಅವು ರದ್ದಾಗುವ ದಿನಾಂಕದೊಂದಿಗೆ ಕನ್ನಡದಲ್ಲಿ ಮುದ್ರಿಸಬೇಕು. ಸಂಖ್ಯೆ ಕೊಡದೆಯೂ ಬಿಲ್ ಪಡೆಯಬಹುದು ಎಂಬ ಫಲಕವನ್ನು ಪ್ರತಿ ಕೌಂಟರಿನಲ್ಲೂ ಹಾಕಬೇಕು. ಜಿಲ್ಲಾಡಳಿತವು ಮಳಿಗೆಗಳ ಮಾಲೀಕರನ್ನು ಕರೆಸಿ ಇಷ್ಟನ್ನಾದರೂ ಜಾರಿಗೆ ತರಲಿ ಎಂದು ಕೋರುತ್ತೇನೆ. ಸಂಖ್ಯೆಗಾಗಿ ಒತ್ತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ನಾನು ನನ್ನ ದೂರನ್ನು ಈಗಾಗಲೇ ದಾಖಲಿಸಿದ್ದೇನೆ.

— ಒಬ್ಬ ಗೃಹಿಣಿ, ವಿದ್ಯಾನಗರ, ದಾವಣಗೆರೆ